ಸೋಮವಾರ, ಶನಿವಾರ ಕೆಡದ ಪೆಟ್ಟಿಗೆ

ಪೂರ್ತಿ ಕೆಟ್ಟುಹೋದ ವಸ್ತುವಿನ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದದ್ದಿಲ್ಲ. ಸುಟ್ಟ ಮೋಟರು, ಕಾಲು ಮುರಿದ ಕುರ್ಚಿ, ಉಂಗುಷ್ಠ ಕಿತ್ತ ಚಪ್ಪಲಿ, ಇವೆಲ್ಲ ಮರ್ಯಾದಸ್ಥ ವಸ್ತುಗಳು. ‘ಇನ್ನು ನನ್ನ ಕೈಲಾಗದಪ್ಪ’ ಎಂದು ಮುಖಕ್ಕೆ ಹೇಳಿ ಮೂಲೆ ಸೇರುತ್ತವೆ. ನನ್ನ ಮೈ ಉರಿಯುವುದು ಆಗೊಮ್ಮೆ ಈಗೊಮ್ಮೆ ಕೆಡುವವುಗಳನ್ನು ಕಂಡರೆ. ಕೆಟ್ಟು, ನಮ್ಮ ಮಾನ ತೆಗೆದು, ನಾವು ನಾಲ್ಕು ಜನರನ್ನು ಕರೆದುಕೊಂಡು ಬರುವಷ್ಟರಲ್ಲಿ ಏನೂ ಆಗಿಲ್ಲದಂತೆ ಓಡುತ್ತಿರುವಂಥವು. ಕೆರಗೋಡಿನ ನಮ್ಮಜ್ಜಿಯ ಕೆಮ್ಮು ಇಂಥದೇ. ಊರಿನಲ್ಲಿದ್ದಷ್ಟು ಹೊತ್ತು ಇಡೀ ಬೀದಿಗೆ ಕೇಳುವಂತೆ ಕೆಮ್ಮುತ್ತಿದ್ದ ಅಜ್ಜಿಯನ್ನು ಅಪ್ಪ ಬಸ್ಸು ಹತ್ತಿಸಿ ಮಂಡ್ಯದ ಡಾಕ್ಟರ ಮುಂದೆ ಕೂರಿಸಿದರೆ ಎಳೆಮಗುವಿನಂತೆ ಉಸಿರಾಡುತ್ತಿದ್ದಳು. ಡಾಕ್ಟರು ಕೊಳವೆಯನ್ನು ಕಿವಿಯಿಂದ ತೆಗೆದು, ಅಜ್ಜಿ ಚೆನ್ನಾಗಿಯೇ ಇದೆಯಲ್ಲ ಎಂದು ಅಪ್ಪನನ್ನೇ ರೋಗಿಯಂತೆ ನೋಡುತ್ತಿದ್ದರು. ವಾಪಸು ಬಸ್ಸು ಊರು ಮುಟ್ಟಿದ್ದೇ ತಡ, ಕೆಮ್ಮು ಮತ್ತೆ ಹತ್ತಿಕೊಳ್ಳುತ್ತಿತ್ತು. ಒಳಗೊಂದು ಹೊರಗೊಂದು ಇರುವವರಿಗೆ ಗುಮ್ಮನಗುಸುಕ ಎನ್ನಬೇಕೆಂದು ನನಗೆ ಕಲಿಸಿದವಳೇ ಆ ಅಜ್ಜಿ. ಆ ಮಾತು ಎಲ್ಲರಿಗಿಂತ ಮೊದಲು ಅವಳ ಕೆಮ್ಮಿಗೇ ಸಲ್ಲುತ್ತದೆ ಎಂದು ಹೇಳುವ ಧೈರ್ಯ ಮಾತ್ರ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಅಕ್ಕಿ ಗಿರಣಿಯಿದೆ. ಅಲ್ಲಿ ಕರೆಂಟಿಗೆ ಸಂಬಂಧಪಟ್ಟ ಸಕಲ ಪಾಪಗಳಿಗೂ ನಾನೇ ಹೊಣೆ. ಡಿಪ್ಲೊಮಾ ಓದಿದ್ದೇನೆ. ಗಿರಣಿಯ ಯಜಮಾನರಾದ ಗೌಡರು ಸಂತೋಷದಲ್ಲಿದ್ದಾಗ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ಸಿಟ್ಟಿನಲ್ಲಿದ್ದಾಗ ‘ಏನ್ಲಾ ಡಿಪ್ಲೊಮಾ’ ಎನ್ನುತ್ತಾರೆ. ನಾನು ಹೇಳಲು ಹೊರಟಿರುವ ಕಾಲದಲ್ಲಿ ನನ್ನ ಹೆಸರು ನನಗೇ ಮರೆತುಹೋಗುವಂತಾಗಿತ್ತು. ಇದಕ್ಕೆ ಕಾರಣ ಒಂದು ಪೆಟ್ಟಿಗೆ. ಮೊದಲು ನಮ್ಮ ಗಿರಣಿಯಲ್ಲಿ ಬೇಯಿಸಿದ ಭತ್ತವನ್ನು ಹಿಂದಿನ ಸಿಮೆಂಟು ಕಣದಲ್ಲಿ ಹರಡಿ, ಹೆಂಗಸರು ಕಾಲಿನಲ್ಲಿ ಕೆದರಿ ಒಣಗಿಸುತ್ತಿದ್ದರು. ಗೌಡರು ಎಲ್ಲಿಂದಲೋ ಒಂದು ಹಳೆಯ ಡ್ರೈಯರನ್ನು, ಎಂದರೆ ಬಿಸಿಗಾಳಿಯಲ್ಲಿ ಭತ್ತ ಒಣಗಿಸುವ ಯಂತ್ರವನ್ನು, ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಅದರ ಜೊತೆಯಲ್ಲಿ ಬಂದದ್ದು ಈ ಪೆಟ್ಟಿಗೆ. ಪುಸ್ತಕದಲ್ಲಿ ಇದಕ್ಕೆ ಪ್ರೋಗ್ರಾಮಬಲ್ ಕಂಟ್ರೋಲರ್ ಎಂಬ ದೊಡ್ಡ ಹೆಸರಿದೆ. ಯಾವ ಮೋಟರು ಯಾವಾಗ ತಿರುಗಬೇಕು, ಬಿಸಿ ಎಷ್ಟಾದಾಗ ಏನು ನಿಲ್ಲಬೇಕು ಎಂದು ಮಿಕ್ಕ ಯಂತ್ರಗಳಿಗೆ ಅಪ್ಪಣೆ ಕೊಡುವ ಯಜಮಾನಿಕೆ ಇದರದು. ಇದನ್ನು ಮಾಡಿದ ಕಂಪನಿಗೇ ತಾನು ಇದನ್ನು ಮಾಡಿದ್ದೆನೆಂಬುದು ಮರೆತುಹೋಗುವಷ್ಟು ಇದಕ್ಕೆ ವಯಸ್ಸಾಗಿದೆ. ಆದರೂ ಗೌಡರ ತಾಯಿ ಅವತ್ತು ಪೂಜೆ ಮಾಡಿ, ಬಾಗಿಲ ಒಳಗಡೆ ಆಂಜನೇಯನ ಪಟ ಅಂಟಿಸಿ, ಇದನ್ನು ಹೊಸ ಸೊಸೆಯನ್ನು ತುಂಬಿಸಿಕೊಳ್ಳುವಂತೆ ತುಂಬಿಸಿಕೊಂಡರು. ಖಾಲಿಯಾದ ಕಣ ಯಾಕೆ ಸುಮ್ಮನೆ ಬಿದ್ದಿರಬೇಕೆಂದು ಗೌಡರು ಅದರ ಮೇಲೊಂದು ಕಲ್ಯಾಣಮಂಟಪ ಕಟ್ಟಿಸಿದರು. ನಮ್ಮ ಜನ ಅದನ್ನು ಗಿರಣಿ ಛತ್ರ ಎನ್ನುತ್ತಾರೆ. ಗಿರಣಿಗೂ ಛತ್ರಕ್ಕೂ ನಡುವೆ ಇರುವುದು ಒಂದು ಗೋಡೆ.

ಈ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವವಳು ಸಾಕಮ್ಮ. ಬೆಳಕವಾಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಕಣದಲ್ಲಿ ಭತ್ತ ಕೆದರುತ್ತಿದ್ದ ಹೆಂಗಸರಲ್ಲಿ ಇವಳೊಬ್ಬಳನ್ನು ಗೌಡರು ಪೆಟ್ಟಿಗೆ ನೋಡಿಕೊಳ್ಳಲು ಹಾಕಿದರು. ಹಸಿರು ಬಟನ್ನು ಒತ್ತಿದರೆ ಎಲ್ಲ ಶುರು, ಕೆಂಪು ಬಟನ್ನು ಒತ್ತಿದರೆ ಎಲ್ಲ ಬಂದ್. ನಡುವೆ ಬಿಸಿ ನೋಡಬೇಕು, ಭತ್ತ ಕೈಯಲ್ಲಿ ಹಿಡಿದು ಹಲ್ಲಿನಲ್ಲಿ ಕಡಿದು ನೋಡಬೇಕು. ಆ ಕುರ್ಚಿ ಸಿಕ್ಕ ಮೇಲೆ ಸಾಕಮ್ಮ ಗಿರಣಿಗೆ ಒಗೆದ ಸೀರೆ ಉಟ್ಟು ಬರುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಎಲ್ಲಿ ಕೂಲಿ ಎಂದರೆ, ‘ಕೂಲಿ ಅಲ್ಲ ಕಣಮ್ಮ, ಮಿಸೀನು ನೋಡ್ಕತೀನಿ’ ಎನ್ನುತ್ತಿದ್ದಳಂತೆ.

ಎಲ್ಲ ಚೆನ್ನಾಗಿತ್ತು. ಛತ್ರದ ಹಿಂದೆ ಗೌಡರು ಊಟದ ಮನೆ, ಅಡುಗೆಮನೆ ಎಂದು ತಗಡಿನ ಷೆಡ್ಡು ಹಾಕಿಸಿದ ವರ್ಷ, ಒಂದು ದಿನ ಇದ್ದಕ್ಕಿದ್ದಂತೆ ಪೆಟ್ಟಿಗೆಯ ಹಸಿರು ದೀಪ ಆರಿತು. ಮೋಟರುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟವು. ಸಾಕಮ್ಮ ‘ಅಯ್ಯೋ’ ಎಂದು ಎದ್ದು ನಿಲ್ಲುವಷ್ಟರಲ್ಲಿ ಹಸಿರು ದೀಪ ಮತ್ತೆ ಹತ್ತಿ, ಯಾಕಮ್ಮ ಕೂಗುತ್ತೀಯ ಎಂಬಂತೆ ನೋಡುತ್ತಿತ್ತು. ಆದರೆ ನಿಂತ ಮೋಟರು ತಾನಾಗಿ ತಿರುಗುವುದಿಲ್ಲ. ಮತ್ತೆ ಬಟನ್ನು ಒತ್ತುವ ಹೊತ್ತಿಗೆ, ಭತ್ತವನ್ನು ಮೇಲಕ್ಕೆ ಹೊರುವ ಎಲಿವೇಟರಿನಿಂದ ಒಂದಿಷ್ಟು ಭತ್ತ ಜಾರಿ ಬುಡದ ಗುಂಡಿಯಲ್ಲಿ ಕೂತಿರುತ್ತದೆ. ನಸೀಬು ಚೆನ್ನಾಗಿದ್ದರೆ ಅದು ಹಾಗೆಯೇ ಮೇಲೇಳುತ್ತದೆ. ಇಲ್ಲದಿದ್ದರೆ ಒಬ್ಬ ಆ ಗುಂಡಿಯೊಳಗೆ ಇಳಿದು, ಬಿಸಿ ಭತ್ತವನ್ನು ಕೈಯಿಂದ ತೋಡಿ ಹೊರಗೆ ಹಾಕಬೇಕು. ತಡವಾದರೆ ಒಳಗಿನ ಭತ್ತ ಮುಗ್ಗಲು ವಾಸನೆ ಹೊಡೆಯುತ್ತದೆ, ಅಕ್ಕಿ ಕೆಂಪಗಾಗುತ್ತದೆ, ಗೌಡರೂ ಕೆಂಪಗಾಗುತ್ತಾರೆ.

ನಾನು ಮಾಡದ ಉಪಚಾರವಿಲ್ಲ. ಪೆಟ್ಟಿಗೆಯ ಪ್ರತಿಯೊಂದು ಸ್ಕ್ರೂ ಬಿಗಿ ಮಾಡಿದೆ. ಒಳಗಿನ ಕಾರ್ಡುಗಳನ್ನು ತೆಗೆದು ಒರೆಸಿ ಹಾಕಿದೆ. ಇಲಿ ಬರುವ ಸಂದಿಗಳಿಗೆ ಸಿಮೆಂಟು ಮೆತ್ತಿದೆ. ಅರ್ತಿಂಗು ಗುಂಡಿಗೆ ಉಪ್ಪು, ಇದ್ದಿಲು, ನೀರು ಸುರಿದೆ. ಕೊನೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ತಲೆಯ ಮೇಲೆ ತಟ್ಟಿ ತಟ್ಟಿ ನೋಡಿದೆ. ತಟ್ಟಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹೊಡೆದೆ ಎನ್ನುವುದು ಸರಿ. ಕೆಡುವಾಗ ಒಂದು ಗುರುತಾದರೂ ಬಿಟ್ಟು ಕೆಡಬೇಡವೇ? ಕೆಂಪು ದೀಪವಿಲ್ಲ, ಸುಟ್ಟ ವಾಸನೆಯಿಲ್ಲ. ಮೀಟರು ಹಿಡಿದರೆ ಕರೆಂಟು ಸರಿಯಾಗಿಯೇ ಇದೆ. ಕಳ್ಳ ಬಂದು ಹೋದ ಮನೆಯಲ್ಲಿ ಕದ ಹಾಕಿದಂತೆಯೇ, ಬೀಗ ಇದ್ದಂತೆಯೇ ಇದ್ದರೆ ಪೊಲೀಸರು ಮನೆಯವರನ್ನೇ ಅನುಮಾನಿಸುತ್ತಾರಲ್ಲ, ಹಾಗಾಯಿತು. ಬೆಂಗಳೂರಿನಿಂದ ಇಂಥ ಪೆಟ್ಟಿಗೆಗಳ ಇಂಜಿನಿಯರನ್ನು ಕರೆಸಿದೆವು. ವಾರದ ಮೊದಲ ಕೆಲಸ ನಮ್ಮದೇ ಆಗಲೆಂದು ಆತ ಪ್ರತಿ ಸಲವೂ ಸೋಮವಾರವೇ ಬರುತ್ತಿದ್ದ. ಲ್ಯಾಪ್‌ಟಾಪು ಚುಚ್ಚಿ ಸಂಜೆಯವರೆಗೂ ಕಾಯುತ್ತಿದ್ದ. ಪೆಟ್ಟಿಗೆ ಅವನ ಮುಂದೆ ನಮ್ಮಜ್ಜಿ ಡಾಕ್ಟರ ಮುಂದೆ ಕೂತ ಹಾಗೆ ಕೂತಿರುತ್ತಿತ್ತು. ‘ತುಂಬಾ ಹಳೇದು ಸರ್, ಚೇಂಜ್ ಮಾಡ್ಬಿಡಿ’ ಎಂದು ಹೇಳಿ ಕಾರು ಹತ್ತುತ್ತಿದ್ದ. ಹಳೆಯದು ಎಂದು ತಿಳಿಯಲು ಬೆಂಗಳೂರಿನಿಂದ ಬರಬೇಕಿತ್ತೆ? ನಮ್ಮ ಗೇಟಿನ ನಾಯಿಗೂ ಅದು ಗೊತ್ತು. ಗೌಡರು ಮಾತ್ರ, ಓಡುವ ವಸ್ತುವನ್ನು ಯಾರಾದರೂ ಬದಲಾಯಿಸುತ್ತಾರಾ ಎಂದು ನನ್ನನ್ನೇ ಗದರಿಸುತ್ತಿದ್ದರು. ಓಡುವುದಿಲ್ಲ ಎಂದು ನಾನು ಹೇಳಬೇಕೆಂದರೆ ಆ ಹಾಳು ವಸ್ತು ಎದುರಿಗೆ ಓಡುತ್ತಿರುತ್ತಿತ್ತು.

ಆಷಾಢದಲ್ಲಿ ಒಂದು ಆಶ್ಚರ್ಯ ನಡೆಯಿತು. ಪೆಟ್ಟಿಗೆ ನಿಲ್ಲುವುದನ್ನೇ ಬಿಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ನಾನು ಅದರೊಳಗೆ ಒಂದು ಸಣ್ಣ ಫ್ಯಾನು ಕೂರಿಸಿದ್ದೆ. ಸೆಖೆಗೆ ಹಾಗಾಗುತ್ತಿತ್ತು, ಫ್ಯಾನು ಹಾಕಿದ ಮೇಲೆ ಸರಿಹೋಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಶ್ರಾವಣದಲ್ಲೂ ನಿಲ್ಲಲಿಲ್ಲ. ಗೌಡರು ಮತ್ತೆ ನನ್ನ ಹೆಸರು ಹಿಡಿದು ಕರೆಯತೊಡಗಿದರು. ಮನೆಯಲ್ಲಿ ನನ್ನ ಹೆಂಡತಿಯ ಮುಂದೆ ಕೂಡ, ನೋಡು, ಬೆಂಗಳೂರಿನವರ ಕೈಲಾಗದ್ದು ಒಂದು ಫ್ಯಾನಿನಲ್ಲಿ ಆಯಿತು ಎಂದು ಬೀಗಿದೆ. ಗೌರಿ ಹಬ್ಬ ಕಳೆದು ಛತ್ರದಲ್ಲಿ ಮತ್ತೆ ಗದ್ದಲ ಶುರುವಾದ ಕಾಲಕ್ಕೆ ಪೆಟ್ಟಿಗೆಯೂ ಶುರು ಮಾಡಿತು. ಫ್ಯಾನು ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

ಆಗ ಗೌಡರಿಗೆ ಹೊಸ ಅನುಮಾನ ಹುಟ್ಟಿತು. ಯಂತ್ರ ಸರಿಯಿದೆ ಎಂದು ಇಂಜಿನಿಯರು ಹೇಳುತ್ತಾನೆ, ಸರಿ ಮಾಡಿದೆ ಎಂದು ಡಿಪ್ಲೊಮಾ ಹೇಳುತ್ತಾನೆ, ಹಾಗಾದರೆ ನಿಲ್ಲಿಸುತ್ತಿರುವುದು ಮನುಷ್ಯರು. ಎಂದರೆ ಸಾಕಮ್ಮ. ಫೋನಿನಲ್ಲಿ ಮಾತಾಡುವುದಕ್ಕೋ, ಎಲೆಅಡಿಕೆ ಹಾಕಿಕೊಳ್ಳುವುದಕ್ಕೋ ಕೆಂಪು ಬಟನ್ನು ಒತ್ತಿಬಿಟ್ಟು, ತಾನಾಗಿಯೇ ನಿಂತಿತು ಎನ್ನುತ್ತಾಳೆ. ಅವಳ ಕೈಲಿ ಯಾವಾಗ ಫೋನು ಕಂಡಿರಿ ಎಂದು ನಾನು ಕೇಳಿದ್ದಕ್ಕೆ, ನೀನು ಪೆಟ್ಟಿಗೆ ನೋಡು, ಜನಾನ ನಾನು ನೋಡ್ಕತೀನಿ ಎಂದರು. ಇಷ್ಟು ಸಾಲದು ಎಂಬಂತೆ ನಮ್ಮ ರೈಟರು ಪುಟ್ಟಸ್ವಾಮಿ ನಡುವೆ ಬಾಯಿ ಹಾಕಿದ. ಲೆಕ್ಕ ಬರೆಯುವ ಮನುಷ್ಯ. ಎಲ್ಲದರಲ್ಲೂ ಲೆಕ್ಕ ಹುಡುಕುತ್ತಾನೆ. ಪೆಟ್ಟಿಗೆ ಯಾವ ಸೋಮವಾರವೂ ನಿಂತಿಲ್ಲ, ಯಾವ ಶನಿವಾರವೂ ನಿಂತಿಲ್ಲ, ಆಷಾಢ ಶ್ರಾವಣದಲ್ಲಿ ನಿಂತೇ ಇಲ್ಲ, ಗಮನಿಸಿದಿರಾ ಎಂದ. ನಾನು ನೆನಪು ಮಾಡಿಕೊಂಡೆ. ನಿಜ. ಅದು ನಾನು ಗಮನಿಸಬೇಕಾಗಿದ್ದ ವಿಷಯ. ಪುಟ್ಟಸ್ವಾಮಿ ಅಲ್ಲಿಗೇ ನಿಲ್ಲಿಸಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ. ಅವನು ಮುಂದುವರಿಸಿದ.

‘ದೊಡ್ಡಮ್ಮೋರು ಆಂಜನೇಯನ್ನ ಕೂರ್ಸಿ ಪೂಜೆ ಮಾಡಿರೋ ಪೆಟ್ಗೆ ಕನಣ್ಣ ಅದು. ಬಾಡು ತಿಂದ ಕೈ ತಾಕುದ್ರೆ ತಡ್ಕಳಲ್ಲ. ಸೋಮವಾರ, ಶನಿವಾರ ಯಾರೂ ತಿನ್ನಲ್ಲ, ಅದೂ ನಿಲ್ಲಲ್ಲ.’

ಮಂಡ್ಯ ಜಿಲ್ಲೆಯಲ್ಲಿ ನಿಂತುಕೊಂಡು ಬಾಡು ತಿಂದ ಕೈ ಯಾವುದು ಎಂದು ಹುಡುಕುವುದೆಂದರೆ, ಕೆರೆಯಲ್ಲಿ ನಿಂತು ಒದ್ದೆ ಯಾರು ಎಂದು ಕೇಳಿದ ಹಾಗೆ. ಪುಟ್ಟಸ್ವಾಮಿಯೇ ಭಾನುವಾರ ಮೂಳೆ ಚೀಪಿ ಸೋಮವಾರ ಲೆಕ್ಕ ಬರೆಯುವವನು. ಆದರೆ ಪೆಟ್ಟಿಗೆ ಮುಟ್ಟುವವರು ಇಬ್ಬರೇ, ನಾನು ಮತ್ತು ಸಾಕಮ್ಮ. ನಾನು ಮುಟ್ಟುವುದು ಅದು ಕೆಟ್ಟ ಮೇಲೆ, ಹಾಗಾಗಿ ಬಚಾವು. ಗೌಡರ ವಾದ ಬೇರೆ, ಪುಟ್ಟಸ್ವಾಮಿಯ ವಾದ ಬೇರೆ, ಆದರೆ ಎರಡಕ್ಕೂ ಅಪರಾಧಿ ಒಬ್ಬಳೇ. ಗೌಡರಿಗೆ ಪುಟ್ಟಸ್ವಾಮಿಯ ಮಾತಿನಲ್ಲಿ ಪೂರ್ತಿ ನಂಬಿಕೆಯೇನೂ ಬರಲಿಲ್ಲ. ಆದರೆ ಖರ್ಚಿಲ್ಲದ ರಿಪೇರಿ ಎಂದರೆ ಅವರು ಯಾವುದನ್ನೂ ಬೇಡ ಎನ್ನುವವರಲ್ಲ. ಪೆಟ್ಟಿಗೆ ಮುಟ್ಟುವವರು ಗಿರಣಿ ನಡೆಯುವ ದಿನ ಬಾಡು ತಿನ್ನಕೂಡದು ಎಂದು ಅಪ್ಪಣೆಯಾಯಿತು. ಸಾಕಮ್ಮ ನನ್ನ ಹತ್ತಿರ ಬಂದು, ತಾನು ತಿನ್ನುವ ತುಂಡಿಗೂ ಪೆಟ್ಟಿಗೆಯ ಕರೆಂಟಿಗೂ ಏನು ಸಂಬಂಧ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಇಲ್ಲ ಎಂದು ಗೌಡರಿಗೆ ಹೇಳಿದಿರಾ ಎಂದಳು. ಹೇಳಿದೆ, ಹಾಗಾದರೆ ಏನು ಕಾರಣ ಹೇಳು ಎಂದು ಅವರು ಕೇಳಿದರು, ನನ್ನ ಹತ್ತಿರ ಕಾರಣವಿರಲಿಲ್ಲ ಎಂದೆ. 

‘ಕುರ್ಚಿ ಓಯ್ತದಾ, ಓಗ್ಲಿ ಬುಡಣ್ಣ. ಕಣದಲ್ಲಿ ಕೆದರ್ತಿದ್ದೋಳು ನಾನು, ಎಲ್ಲಾದ್ರೂ ಕೆದರ್ಕಂಡು ತಿಂತೀನಿ. ನೀನೇ ಒತ್ತಿ ನಿಲ್ಸಿದ್ದು ಅನ್ನಿಸ್ಕಂಡು ಎಂಗಣ್ಣ ಊರಿಗೋಗ್ಲಿ?’

ಅವತ್ತಿನಿಂದ ನನ್ನ ಸಿಟ್ಟಿಗೆ ಒಂದು ದಿಕ್ಕು ಸಿಕ್ಕಿತು. ಅಲ್ಲಿಯವರೆಗೆ ಪೆಟ್ಟಿಗೆ ನನ್ನ ಮಾನವನ್ನು ಮಾತ್ರ ತೆಗೆಯುತ್ತಿತ್ತು, ಅದೇನೂ ದೊಡ್ಡ ಆಸ್ತಿಯಲ್ಲ. ಈಗ ಅದು ಮಾಡುವ ತಪ್ಪಿಗೆ ಒಬ್ಬಳು ಉಪವಾಸ ಮಾಡಿ, ಅದೂ ಸಾಲದೆ ಸುಳ್ಳಿಯೆನ್ನಿಸಿಕೊಂಡು ಕೂತಿದ್ದಳು. ಅವಳು ಪಾಪ, ನಿಜಕ್ಕೂ ಬಾಡು ತಿನ್ನುವುದನ್ನು ಬಿಟ್ಟಳು. ಪೆಟ್ಟಿಗೆ ಆದರೂ ನಿಂತಿತು. ಹಿಂದಿನ ದಿನ ತಿಂದದ್ದು ಇನ್ನೂ ಮೈಯಲ್ಲಿರುತ್ತದೆ ಎಂದು ಪುಟ್ಟಸ್ವಾಮಿ ವಿವರಣೆ ಕೊಟ್ಟ. ಅವನನ್ನು ಎಲಿವೇಟರಿನ ಗುಂಡಿಗೆ ಹಾಕಿ ಮೇಲೆ ಭತ್ತ ಸುರಿಯಬೇಕು ಎನ್ನಿಸಿತು. ಏನು ಮಾಡುವುದು, ಅವನ ಮಗಳ ಮದುವೆ ಗೊತ್ತಾಗಿತ್ತು, ಅವನೇ ಆಗ ಎಲ್ಲರಿಗೂ ಬೇಕಾದವನಾಗಿದ್ದ.

ಮದುವೆ ನಮ್ಮ ಗಿರಣಿ ಛತ್ರದಲ್ಲೇ ಆಯಿತು. ಗಂಡಿನ ಕಡೆಯವರು ಕೊತ್ತತ್ತಿಯವರು. ಮದುವೆ ಸಿಹಿಯೂಟದಲ್ಲಿ ಮುಗಿದು, ಒಂದು ಬುಧವಾರ ಅಲ್ಲೇ ಬೀಗರೂಟ, ಎಂದರೆ ಬೀಗರಿಗೆ ಹಾಕುವ ಮಾಂಸದೂಟ, ಇಟ್ಟುಕೊಂಡರು. ನಮ್ಮ ಕಡೆ ಮದುವೆಗೆ ಬಾರದವರನ್ನು ಕ್ಷಮಿಸುತ್ತಾರೆ, ಬೀಗರೂಟಕ್ಕೆ ಬಾರದವರನ್ನು ಕ್ಷಮಿಸುವುದಿಲ್ಲ. ಇಡೀ ಗಿರಣಿಗೆ ಕರೆಯಿತ್ತು. ಪೆಟ್ಟಿಗೆ ಮುಟ್ಟುವ ನಮ್ಮಿಬ್ಬರಿಗೆ ಮಾತ್ರ ಪುಟ್ಟಸ್ವಾಮಿ, ಬಂದು ಮುಖ ತೋರಿಸಿ ಪಾಯಸ ಕುಡಿದು ಹೋಗಿ ಎಂದ. ಅವತ್ತು ಬೆಳಿಗ್ಗೆಯೇ ಪೆಟ್ಟಿಗೆ ಒಂದು ಸಲ ನಿಂತಿತು. ಜರಿ ಪಂಚೆ ಉಟ್ಟು ಛತ್ರಕ್ಕೆ ಹೊರಟಿದ್ದ ಗೌಡರು ಸೀದಾ ಒಳಗೆ ಬಂದು, ಎಲ್ಲರ ಮುಂದೆ ಸಾಕಮ್ಮನಿಗೆ, ‘ಇನ್ನೊಂದ್ಸಲ ನಿಂತ್ರೆ ನಾಳಿಂದ ಬರಬ್ಯಾಡ ಕಣಮ್ಮ, ಊರಲ್ಲೇ ಇರು’ ಎಂದು ಹೇಳಿ ಹೋದರು. ಸಾಕಮ್ಮ ಕೆಂಪು ಬಟನ್ನಿನಿಂದ ದೂರ ಇರಲೆಂದು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ಗೋಡೆಯಾಚೆಯಿಂದ ಸಾರಿನ ಘಮ ಬರತೊಡಗಿತು. ನನ್ನೊಳಗೆ ಹಸಿವೂ ಸಿಟ್ಟೂ ಸೇರಿ ಕುದಿಯಿತು. ಈ ಕಬ್ಬಿಣದ ಡಬ್ಬಿಗೆ ಹೆದರಿ ನಾನು ಪಾಯಸ ಕುಡಿಯಬೇಕೆ? ಸಾಕಮ್ಮನಿಗೆ ಒಂದು ಗಳಿಗೆ ನೋಡಿಕೊಂಡಿರು ಎಂದು ಹೇಳಿ ಹೋದೆ. ಊಟದ ಮನೆಯಲ್ಲಿ ಮೊದಲ ಪಂಕ್ತಿ ಕೂತಿತ್ತು. ಎದುರು ಸಾಲಿನಲ್ಲಿ ಬೀಗರ ನಡುವೆ ಗೌಡರು. ನಾನು ಬೇಕೆಂದೇ ಅವರ ಕಣ್ಣಿಗೆ ಬೀಳುವ ಎಲೆಯ ಮುಂದೆ ಕೂತೆ. ಮುದ್ದೆ ಬಂತು, ಸಾರು ಬಂತು, ಬೋಟಿ ಗೊಜ್ಜು ಬಂತು. ಮುದ್ದೆ ಮುರಿದು, ಸಾರಿಗೆ ಅದ್ದಿ ಒಂದು ತುತ್ತು ನುಂಗಿದೆ. ಆಮೇಲೆ ಗೌಡರನ್ನೇ ನೋಡುತ್ತ ಒಂದು ತುಂಡನ್ನು ಬಾಯಿಗಿಟ್ಟೆ.

ಗೋಡೆಯಾಚೆ ಗಿರಣಿಯ ಸದ್ದು ನಿಂತಿತು.

ಸುಳ್ಳು ಹೇಳುವುದಿಲ್ಲ, ನನ್ನ ದವಡೆಯೂ ನಿಂತಿತು. ಆ ಗಳಿಗೆಯಲ್ಲಿ ಡಿಪ್ಲೊಮಾ ಎಲ್ಲಿ ಹೋಯಿತೋ ಕಾಣೆ. ಆಂಜನೇಯನ ಪಟ ಕಣ್ಣ ಮುಂದೆ ಬಂತು. ಬಾಯಲ್ಲಿದ್ದುದನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ಕೆನ್ನೆಯಲ್ಲಿಟ್ಟುಕೊಂಡು ಕೂತೆ. ಬಕೆಟ್ಟು ಹಿಡಿದು ಬಡಿಸುತ್ತಿದ್ದ ಪುಟ್ಟಸ್ವಾಮಿ ನನ್ನ ಮುಂದೆ ನಿಂತು, ಮಗಳ ಮದುವೆಯಲ್ಲೂ ಕಾಣದ ಸಂತೋಷದಿಂದ, ‘ನೋಡುದ್ರಾ ಸಾ, ನೀವು ಬಾಯ್ಗಿಟ್ರಿ, ಅದು ಬಾಯ್ಮುಚ್ತು’ ಎಂದ. ಗೌಡರು ಎಲೆಯ ಮುಂದಿನಿಂದ ಏಳಲು ಹೊರಟಿದ್ದರು. ಯಾರ ಮೇಲೆ ಏರಿ ಹೋಗಲು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ನುಂಗುವುದಕ್ಕಾಗಿ ತಲೆ ಮೇಲಕ್ಕೆತ್ತಿದೆ. ತಲೆಯ ಮೇಲಿನ ಫ್ಯಾನು ಆಗಷ್ಟೇ ನಿಧಾನವಾಗಿ, ಮತ್ತೆ ವೇಗ ಹಿಡಿಯುತ್ತಿತ್ತು. ಅಡುಗೆಮನೆಯಿಂದ ಗರಗರ ಸದ್ದು ಕೇಳುತ್ತಿತ್ತು. ಆ ಸದ್ದು ಮುಂಚೆ ಇರಲಿಲ್ಲ.

ತುಂಡು ತಾನಾಗಿ ಒಳಗಿಳಿಯಿತು. ಸಾರು ಮೆತ್ತಿದ ಕೈಯಲ್ಲೇ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಅಡುಗೆ ಕೆಂಪಯ್ಯ ಆಳೆತ್ತರದ ಗ್ರೈಂಡರಿಗೆ ಕಾಯಿ, ಮಸಾಲೆ ತುಂಬಿ ರುಬ್ಬಿಸುತ್ತಿದ್ದ. ಈ ಹೊತ್ತಿನಲ್ಲಿ ಯಾಕಯ್ಯಾ ರುಬ್ಬುತ್ತೀಯ ಎಂದು ಕೂಗಿದೆ. ಕೊತ್ತತ್ತಿಯವರು ಹೇಳಿದ್ದಕ್ಕಿಂತ ಒಂದು ಬಸ್ಸು ಹೆಚ್ಚಿಗೆ ಬಂದಿದ್ದಾರೆ, ಸಾರು ಸಾಲದು ಎಂದ. ಮಸಾಲೆಯನ್ನು ರಾತ್ರಿಯೇ ರುಬ್ಬಿ ಇಟ್ಟುಕೊಳ್ಳಬಾರದೆ ಎಂದೆ. ಅವನು ನನ್ನನ್ನು ಯಾವ ಊರಿನವನಪ್ಪ ಇವನು ಎಂಬಂತೆ ನೋಡಿದ.

‘ಮದ್ವೆ ಅಡ್ಗೆದಾದ್ರೆ ರಾತ್ರೀಲೇ ರುಬ್ಬಿ ಮಡಗ್ತೀವಿ ಸಾ. ಬಾಡಿಗೆ ಎಂಗಾಯ್ತದೆ? ಅದು ಆ ಗಳ್ಗೇಲಿ ರುಬ್ಬಿ ಆ ಗಳ್ಗೇಲಿ ಆಕ್ಬೇಕು. ನಿಮ್ಮನೇಲಿ ರಾತ್ರೀದೇ ಆಕ್ತಾರಾ?’

ನಾನು ಅಲ್ಲೇ ಗೋಡೆಗೊರಗಿದೆ. ಮದುವೆಯ ಸಿಹಿಯೂಟಕ್ಕೆ ರಾತ್ರಿ ರುಬ್ಬುತ್ತಾರೆ, ರಾತ್ರಿ ಗಿರಣಿ ಮುಚ್ಚಿರುತ್ತದೆ. ಬೀಗರೂಟಕ್ಕೆ ಹಗಲು ರುಬ್ಬುತ್ತಾರೆ, ಹಗಲು ಗಿರಣಿ ನಡೆಯುತ್ತದೆ. ಸೋಮವಾರ, ಶನಿವಾರ ಯಾರೂ ಬೀಗರೂಟ ಇಡುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಶ್ರಾವಣದಲ್ಲಿ ಬಾಡಿಲ್ಲ. ವಾರ, ಮಾಸ ನೋಡುತ್ತಿದ್ದದ್ದು ಪೆಟ್ಟಿಗೆಯಲ್ಲ, ನಮ್ಮ ಜನ. ಗ್ರೈಂಡರು ಭಾರ ಹೊತ್ತು ಏಳುವಾಗ ಒಂದು ದೊಡ್ಡ ಗುಟುಕು ಕರೆಂಟು ಎಳೆದುಕೊಳ್ಳುತ್ತದೆ. ಅದೇ ಲೈನಿನ ಅಕ್ಕಪಕ್ಕದವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಮ್ಮಿಯಾಗುತ್ತದೆ. ಹೊಸ ಪೆಟ್ಟಿಗೆಯಾದರೆ ಅಷ್ಟು ಹೊತ್ತು ಉಸಿರು ಹಿಡಿದು ತಡೆದುಕೊಳ್ಳುತ್ತಿತ್ತು. ಈ ಮುದಿ ಪೆಟ್ಟಿಗೆಗೆ ಆ ಶಕ್ತಿಯಿಲ್ಲ. ಕಣ್ಣು ಮುಚ್ಚುತ್ತದೆ, ಕಣ್ಣು ಬಿಡುತ್ತದೆ. ನಾನು ಮೀಟರು ಹಿಡಿದು ಓಡಿಬರುವಷ್ಟರಲ್ಲಿ ಕರೆಂಟೂ ಸರಿ, ಪೆಟ್ಟಿಗೆಯೂ ಸರಿ.

ಆದರೆ ಛತ್ರದ ಕರೆಂಟಿಗೂ ಗಿರಣಿಯ ಕರೆಂಟಿಗೂ ಏನು ನಂಟು? ಅದರ ಮೀಟರು ಮುಂದಿನ ಗೋಡೆಯ ಮೇಲೆ ಬೇರೆಯೇ ಇತ್ತು. ಆ ಪ್ರಶ್ನೆಯನ್ನು ಕೇಳುವುದಕ್ಕೆ ಮೊದಲು ನಾನು ಸಾಬೀತು ಮಾಡಬೇಕಿತ್ತು, ಅದೂ ಎಲ್ಲರ ಕಣ್ಣ ಮುಂದೆ. ಗೋಡೆಯ ಮೇಲಿಂದ ಸಾಕಮ್ಮನಿಗೆ ಶುರು ಮಾಡು ಎಂದು ಕೂಗಿದೆ. ಗಿರಣಿ ಶುರುವಾಯಿತು. ಕೆಂಪಯ್ಯನನ್ನು ಪಕ್ಕಕ್ಕೆ ತಳ್ಳಿ ಗ್ರೈಂಡರಿನ ಸ್ವಿಚ್ಚನ್ನು ಆರಿಸಿ ಹಾಕಿದೆ. ಗಿರಣಿ ನಿಂತಿತು. ಮತ್ತೆ ಕೂಗಿದೆ, ಮತ್ತೆ ಶುರುವಾಯಿತು, ಮತ್ತೆ ಸ್ವಿಚ್ಚು ಹಾಕಿದೆ, ಮತ್ತೆ ನಿಂತಿತು. ಇಷ್ಟು ದಿನ ನನ್ನನ್ನು ಆಡಿಸಿದ್ದನ್ನು ನಾನು ಆಡಿಸುತ್ತಿದ್ದೇನೆ ಎಂಬ ಖುಷಿಗೆ ಕೈ ನಿಲ್ಲಲಿಲ್ಲ. ಎಂಜಲು ಕೈಯ ಬೀಗರೆಲ್ಲ ಬಂದು ಸುತ್ತ ನಿಂತರು. ಗೋಡೆಯಾಚೆಯಿಂದ ಸಾಕಮ್ಮ, ‘ಯಾರಣ್ಣ ಅದು, ನನ್ನ ಗೋಳುಯ್ಕಳೋರು’ ಎಂದು ಕೂಗುತ್ತಿದ್ದಳು. ಕೊನೆಯ ಸಲ ಶುರು ಮಾಡಿದಾಗ, ಬುಡದಲ್ಲಿ ಭತ್ತ ತುಂಬಿದ್ದ ಎಲಿವೇಟರು ಗುಂಯ್ ಎಂದು ಮುಲುಗಿ ಅಲ್ಲೇ ಕೂತಿತು. ಬಿಸಿಗಾಳಿಯ ಮೋಟರೊಂದು ಮಾತ್ರ ತಿರುಗುತ್ತಿತ್ತು.

ಗೌಡರು ಮುಂದೆ ಬಂದರು. ಈ ಊಟದ ಮನೆಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅವರು ಬೆರಳಿಗೆ ಮೆತ್ತಿದ ಮುದ್ದೆಯನ್ನು ನೋಡಿಕೊಂಡರು. ಷೆಡ್ಡು ಹಾಕಿಸುವಾಗ ಮದ್ದೂರಿನಿಂದ ಒಬ್ಬ ವೈರುಗಾರನನ್ನು ಕರೆಸಿ, ಗಿರಣಿಯ ಬೋರ್ಡು ಗೋಡೆಯ ಪಕ್ಕದಲ್ಲೇ ಇದೆಯಲ್ಲ ಎಂದು ನೆಲದಡಿಯಲ್ಲಿ ಪೈಪು ಹಾಕಿ ಅಲ್ಲಿಂದಲೇ ಎಳೆಸಿದ್ದರಂತೆ. ನಾನು ಅವತ್ತು ರಜದಲ್ಲಿದ್ದೆನಂತೆ. ಆ ಪುಣ್ಯಾತ್ಮ ಬೋರ್ಡಿನಲ್ಲಿ ಕೈಗೆ ಸಿಕ್ಕಿದ ಮೊದಲ ವೈರಿಗೆ ಜೋಡಿಸಿದ್ದ. ಅದು ಪೆಟ್ಟಿಗೆಗೆ ಹೋಗುವ ವೈರು.

‘ಅದೇನ್ಲಾ ಅಂಥಾ ಅಪರಾಧ?’ ಎಂದರು ಗೌಡರು. ‘ಗಿರಣೀನೂ ನಂದೇ, ಛತ್ರಾನೂ ನಂದೇ.’

‘ಪೆಟ್ಗೆ ನಿಲ್ಲಿಸ್ತಿದ್ದ ಕೈಯೂ ನಿಮ್ದೇ ಗೌಡ್ರೇ’ ಎಂದೆ. ‘ಸಾಕಮ್ಮಂದಲ್ಲ.’

ಬೀಗರ ಮುಂದೆ ಹಾಗೆ ಹೇಳಬಾರದಿತ್ತು ಎಂದು ಆಮೇಲೆ ಹಲವರು ಹೇಳಿದರು. ಬೀಗರು ಇಲ್ಲದಿದ್ದರೆ ಹೇಳುವ ಧೈರ್ಯ ನನಗೆ ಇರುತ್ತಿರಲಿಲ್ಲ. ಗೌಡರು ಒಂದು ಸಲ ಕೆಮ್ಮಿದರು. ಬಾಗಿಲಿನತ್ತ ನೋಡಿದರೆ ಸಾಕಮ್ಮ ನಿಂತಿದ್ದಳು. ಗಿರಣಿಯಿಂದ ಬಂದು ಎಷ್ಟು ಹೊತ್ತಾಗಿತ್ತೋ, ಎಲ್ಲ ಕೇಳಿಸಿಕೊಂಡಿದ್ದಳು. ಗೌಡರು ಅವಳ ಮುಖ ನೋಡದೆ, ಆದದ್ದಾಯಿತು ಬುಡಮ್ಮ, ನಾಳೆ ಎಂದಿನಂತೆ ಬಾ, ಬೇರೆ ವೈರು ಎಳೆಸುತ್ತೀನಿ ಎಂದರು. ಅವರ ಬಾಯಲ್ಲಿ ಅದು ತಪ್ಪಾಯಿತು ಎಂಬುದಕ್ಕೆ ಸಮ. ಅವಳಿಗೆ ಅದು ಸಾಲಲಿಲ್ಲ. ಬನ್ನಿ ಗೌಡ್ರೇ ಎಂದು ಗಿರಣಿಯತ್ತ ತಿರುಗಿ ನಡೆದಳು. ಯಾಕೋ ಗೌಡರೂ ಎಂಜಲು ಕೈಯಲ್ಲೇ ಹಿಂದೆ ನಡೆದರು. ಅವರ ಹಿಂದೆ ನಾನು, ಪುಟ್ಟಸ್ವಾಮಿ, ಅರ್ಧ ಕೊತ್ತತ್ತಿ. ಸಾಕಮ್ಮ ಪೆಟ್ಟಿಗೆಯ ಮುಂದೆ ನಿಂತು, ಸೆರಗಿನಿಂದ ಬಲಗೈ ಬಿಡಿಸಿಕೊಂಡು, ಕೆಂಪು ಬಟನ್ನನ್ನು ಗಟ್ಟಿಯಾಗಿ ಒತ್ತಿದಳು. ಬಿಸಿಗಾಳಿಯ ಮೋಟರೂ ನಿಂತು ಗಿರಣಿ ಪೂರ್ತಿ ಸುಮ್ಮನಾಯಿತು. ಹಸಿರು ದೀಪ ಮಾತ್ರ ಆರದೆ ಹಾಗೆಯೇ ಇತ್ತು.

‘ನೋಡ್ಕಳಿ. ನಾನು ಒತ್ತಿ ನಿಲ್ಸುದ್ರೆ ಇಂಗಿರ್ತದೆ, ದೀಪ ಆರಲ್ಲ’ ಎಂದಳು. ಆಮೇಲೆ ಪುಟ್ಟಸ್ವಾಮಿಯ ಕಡೆಗೆ ತಿರುಗಿ, ‘ಪುಟ್ಸಾಮಣ್ಣ, ನಂಗೊಂದೆಲೆ ಆಕ್ಸು’ ಎಂದಳು.

ಆಕ್ಸಿದ. ಬಡಿಸಿದ್ದೂ ಅವನೇ. ಎರಡನೇ ಪಂಕ್ತಿಯಲ್ಲಿ ಬೀಗಿತ್ತಿಯ ಪಕ್ಕ ಕೂತು ಅವಳು ಉಂಡಳು ಎಂದು ಕೇಳಿದೆ, ನಾನು ಕಣ್ಣಾರೆ ಕಾಣಲಿಲ್ಲ. ಏಕೆಂದರೆ ಎಲ್ಲರೂ ಊಟದ ಮನೆಗೆ ಹೊರಟಾಗ ಗೌಡರು ನನ್ನೊಬ್ಬನನ್ನು ತಡೆದು, ‘ಏನ್ಲಾ ಡಿಪ್ಲೊಮಾ, ಎಲಿವೇಟ್ರಿಗೆ ಭತ್ತ ತುಂಬ್ಸುದೋನು ನೀನಲ್ವಾ? ನೀನೇ ತೋಡು’ ಎಂದಿದ್ದರು. ಸಾಕಮ್ಮನ ಮೇಲೆ ಹಾರಬೇಕಾಗಿದ್ದ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತಲ್ಲ. ಗುಂಡಿಗೆ ಇಳಿದೆ. ಬಿಸಿ ಭತ್ತ ತೋಡಿ ಹೊರಗೆ ಹಾಕಿದೆ. ಕತ್ತಿನೊಳಗೆ ಭತ್ತದ ಸುಂಕು ಇಳಿದು ಮೈಯೆಲ್ಲ ಕಡಿಯುತ್ತಿತ್ತು. ಗೋಡೆಯಾಚೆ ಪಂಕ್ತಿಯ ಮೇಲೆ ಪಂಕ್ತಿ ಏಳುವ ಸದ್ದು. ನನ್ನ ಎಲೆಯನ್ನು, ಅದರಲ್ಲಿ ನಾನು ಉಳಿಸಿ ಬಂದಿದ್ದ ಬೋಟಿಯ ಸಮೇತ, ಯಾರೋ ಮಡಿಸಿ ಎತ್ತಿದ್ದರು.

ಕೈತೊಳೆದು ಹೋದಾಗ ಬಡಿಸುವವರ ಪಂಕ್ತಿ ಕೂತಿತ್ತು, ಅದೇ ಕೊನೆಯದು. ಹಸಿದಿದ್ದೆ, ಗೆದ್ದಿದ್ದೆ, ಎರಡೂ ಸೇರಿ ದೊಡ್ಡ ತುತ್ತನ್ನೇ ಎತ್ತಿದೆ. ಸಾರು ನೀರು ನೀರಾಗಿತ್ತು. ಮಸಾಲೆ ಅರೆಬರೆ ರುಬ್ಬಿ, ಕಾಯಿಯ ಚೂರು ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು, ದನಿಯದ ಕಾಳು ಹಾಗೆಯೇ ಇತ್ತು. ಅಷ್ಟು ಹೊತ್ತಿಗೆ ತಣ್ಣಗಾಗಿದ್ದ ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಬೀಗರೂಟಕ್ಕೆ ಇಂಥ ಸಾರು ಮಾಡುತ್ತಾರೇನಯ್ಯಾ ಎಂದು ಕೆಂಪಯ್ಯನನ್ನು ಕರೆದು ತರಾಟೆಗೆ ತೆಗೆದುಕೊಂಡೆ. ಅವನು ಸೌಟು ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ನಿಂತು ಕೇಳಿಸಿಕೊಂಡ.

‘ಏನ್ ಮಾಡ್ಲಿ ಸಾ. ಮೊದಲ್ನೇದು ಸಂದಾಗಿತ್ತು. ಈ ಎರಡ್ನೇ ಸಲದ್ದು ರುಬ್ಬೋವಾಗ ಗ್ರೈಂಡ್ರು ಯಾಕೋ ಆಗಾಗ ನಿಂತ್ಕತಿತ್ತು. ನೀವು ಓದಿರೋರು, ಏನ್ ಕಾಯ್ಲೆ ಅಂತ ವಸಿ ನೋಡಿ.’